ಕೈ ಮೂಸಿ ನೋಡುತ್ತಿದ್ದ ಅಜ್ಜಿ

ಕಳೆದ ಜುಲೈ ತಿಂಗಳ ಎರಡನೇ ಮಂಗಳವಾರ ಬೆಳಗ್ಗೆ ಎಂಟರ ಸುಮಾರಿಗೆ, ರಾಮನಗರದ ನಮ್ಮ ಬೀದಿಯ ಕೊನೆಯ ಮನೆಯಿಂದ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಹೊರಗೆ ಹೋದರು. ಹಾಲು ಹಾಕುವವನು ನೋಡಿದ್ದ. ಕೈಯಲ್ಲಿ ಏನೂ ಇರಲಿಲ್ಲ, ಸೊಂಟಕ್ಕೆ ಎಲೆಅಡಿಕೆ ಚೀಲ ಸಿಕ್ಕಿಸಿಕೊಂಡಿದ್ದರು ಎಂದು ಆಮೇಲೆ ಹೇಳಿದ. ಮಧ್ಯಾಹ್ನ ಊಟದ ಹೊತ್ತಾದರೂ ಅವರು ಮನೆಗೆ ಬರಲಿಲ್ಲ.

ನಾನು ಪತ್ರಿಕೆಯೊಂದರ ಜಿಲ್ಲಾ ವರದಿಗಾರ. ಆ ಮನೆಗೂ ನನ್ನ ಮನೆಗೂ ನಡುವೆ ಇರುವುದು ಒಂದು ಖಾಲಿ ನಿವೇಶನ ಮಾತ್ರ. ಅಜ್ಜಿ ನನ್ನನ್ನು ಹೆಸರು ಹಿಡಿದು ಕರೆದದ್ದಿಲ್ಲ, ‘ಪೇಪರಪ್ಪ’ ಎನ್ನುತ್ತಿದ್ದರು. ಓದಲು ಬರುತ್ತಿರಲಿಲ್ಲ. ಬೆಳಗ್ಗೆ ನಾನು ಗೇಟು ತೆಗೆಯುವುದನ್ನೇ ಕಾದಿದ್ದು ಒಂದೇ ಪ್ರಶ್ನೆ ಕೇಳುತ್ತಿದ್ದರು.

“ಪೇಪರಪ್ಪ, ಇವತ್ತು ನಮ್ ಕಡೆಯೋರು ಯಾರೂ ಇಲ್ವಲ್ಲ?”

ಹೆದ್ದಾರಿಯ ಅಪಘಾತ, ರೈಲ್ವೆ ಹಳಿಯ ಸಾವು, ಬೆಟ್ಟದ ಕಡೆಯ ಚಿರತೆ, ಇವೆಲ್ಲ ಸೇರಿ ಅವರಿಗೆ ‘ಪೇಪರ್’ ಆಗಿತ್ತು. ಇಲ್ಲ ಅಂದರೆ ತಲೆಯಾಡಿಸಿ ಒಳಗೆ ಹೋಗುತ್ತಿದ್ದರು. ಒಮ್ಮೆ ನಾನು, ನಿಮ್ಮ ಕಡೆಯವರಿಗೆ ಬಹುಮಾನ ಬಂದರೂ ಪೇಪರಿನಲ್ಲಿ ಹಾಕುತ್ತೇವೆ ಎಂದೆ. ಬಹುಮಾನ ಬಂದರೆ ಮನೆಗೆ ಬಂದು ಹೇಳುತ್ತಾರೆ, ಪೇಪರು ಯಾಕೆ ಬೇಕು ಎಂದರು.

ಮನೆಯಲ್ಲಿ ಇದ್ದವರು ನಾಲ್ವರು. ಅಜ್ಜಿ, ಬಿಡದಿಯ ಕಾರ್ಖಾನೆಯೊಂದರ ಉಗ್ರಾಣದಲ್ಲಿ ಕೆಲಸ ಮಾಡುವ ಮಗ, ಮನೆಯಲ್ಲೇ ಹೊಲಿಗೆ ಇಟ್ಟುಕೊಂಡ ಸೊಸೆ, ಬಿಡದಿಯಲ್ಲೇ ಒಂದು ಕಚೇರಿಗೆ ರೈಲಿನಲ್ಲಿ ಹೋಗಿಬರುವ ಮೊಮ್ಮಗಳು. ಹೊರಗೆ ಹೋದವರು ತಲುಪಿದ ಕೂಡಲೇ ಅಜ್ಜಿಯ ಫೋನಿಗೆ ಮಿಸ್ಡ್ ಕಾಲ್ ಕೊಡಬೇಕು. ಮಗ ಕೊಟ್ಟು, ಮೊಮ್ಮಗಳು ಕೊಟ್ಟ ಮೇಲೆ ಅವರ ತಿಂಡಿ. ಸಂಜೆ ಇಬ್ಬರೂ ಬರುವವರೆಗೆ ಗೇಟಿನ ಬಳಿ ನಿಲ್ಲುವುದು. ರೈಲು ತಡವಾದರೆ ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಒತ್ತಿಕೊಳ್ಳುತ್ತಿದ್ದರು. ಸೊಸೆ ಒಳಗಿನಿಂದ, ನಿಂತರೆ ರೈಲು ಬೇಗ ಬರುತ್ತದೆಯೇ ಎಂದು ನಗುತ್ತಿದ್ದರು. ಮಗನದು ಇನ್ನೂ ಒಂದು ಕೈ ಮೇಲೆ.

“ಬುಟ್ರೆ ರೈಲ್ ಡ್ರೈವರ್‌ಗೂ ಫೋನ್ ಮಾಡ್ತಾಳೆ ಸಾರ್ ನಮ್ಮವ್ವ.”

“ನಗು ನೀನು,” ಎಂದರು ಅಜ್ಜಿ. “ನಿಂಗೂ ಹಿಂಗೇ ಕಾದಿವ್ನಿ. ನಿಂಗೊತ್ತಿಲ್ಲ ಅಷ್ಟೆ.”

ಅವರನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಮುಖವಲ್ಲ, ಕೈ. ಮೊಮ್ಮಗಳನ್ನು ಮುಟ್ಟುವ ಮುಂಚೆ ಅವರು ಕೈ ತೊಳೆಯುತ್ತಿದ್ದರು. ಮೊಣಕೈವರೆಗೆ ಸೋಪು ಹಚ್ಚಿ, ಉಗುರು ಸಂದಿಗೆ ತೆಂಗಿನ ನಾರು ಹಾಕಿ ಉಜ್ಜಿ, ಸೆರಗಿನಲ್ಲಿ ಒರೆಸಿ, ಆಮೇಲೆ ಎರಡೂ ಅಂಗೈಯನ್ನು ಮೂಗಿಗೆ ಹಿಡಿದು ಮೂಸುತ್ತಿದ್ದರು. ಸಮಾಧಾನವಾಗದಿದ್ದರೆ ಮತ್ತೆ ತೊಳೆಯುವುದು. ಬೆರಳ ತುದಿಗಳು ಸದಾ ನೆನೆದ ಹಾಗೆ ಬಿಳುಚಿಕೊಂಡಿದ್ದವು. ಮೊಮ್ಮಗಳಿಗೆ ಇಪ್ಪತ್ತು ದಾಟಿ ಕೆಲಸಕ್ಕೆ ಸೇರಿದ ಮೇಲೂ, ತಲೆಗೆ ಎಣ್ಣೆ ಹಚ್ಚುವ ಭಾನುವಾರ ಇದು ನಡೆಯುತ್ತಿತ್ತು.

ಇದರ ಕಾರಣವನ್ನು ನನಗೆ ಹೇಳಿದವರು ಸೊಸೆ.

ಅವರದು ಮರಳವಾಡಿ ಕಡೆಯ ಹಳ್ಳಿ. ಅಜ್ಜಿ ಮದುವೆಯಾಗಿ ಬಂದ ವರ್ಷದಿಂದ ರೇಷ್ಮೆ ಹುಳ ಸಾಕಿದವರು. ಗಂಡ ತೀರಿಕೊಂಡ ಮೇಲೂ ಹಿಪ್ಪುನೇರಳೆ ತೋಟ, ಹುಳ ಎರಡನ್ನೂ ಬಿಡದೆ ಮಗನನ್ನು ಓದಿಸಿದವರು. ಆಗೆಲ್ಲ ಹುಳಕ್ಕೆ ಬೇರೆ ಮನೆ ಇರಲಿಲ್ಲ. ನಡುಮನೆಯಲ್ಲೇ ಹುಳದ ತಟ್ಟೆಗಳು, ಅದರ ಪಕ್ಕದಲ್ಲೇ ಜನ ಮಲಗುವುದು. ಹುಳ ಮುಟ್ಟುವ ಮುಂಚೆ ಕೈ ತೊಳೆಯಬೇಕು, ಹೊಗೆಸೊಪ್ಪಿನ ವಾಸನೆ, ಒಗ್ಗರಣೆಯ ವಾಸನೆ ಹುಳಕ್ಕೆ ತಗುಲಬಾರದು. ಆ ಅಭ್ಯಾಸ ಅವರಿಗೆ ಹದಿನಾರನೇ ವಯಸ್ಸಿಗೇ ಬಂದಿತ್ತು.

ಮೊಮ್ಮಗಳಿಗೆ ಮೂರು ವರ್ಷವಾದಾಗ ಉಬ್ಬಸ ಹಿಡಿಯಿತು. ಪ್ರತಿ ಬೆಳೆಗೂ, ಹುಳ ದೊಡ್ಡದಾಗುತ್ತ ಬಂದಂತೆ ಮಗುವಿನ ಎದೆ ಗೊರಗುಟ್ಟುವುದು ಹೆಚ್ಚುತ್ತಿತ್ತು. ಕನಕಪುರದ ವೈದ್ಯರೊಬ್ಬರು ಮನೆಯಲ್ಲಿ ಏನು ಸಾಕುತ್ತೀರಿ ಎಂದು ಕೇಳಿದರು. ಹೇಳಿದಾಗ, ಮಗುವಿಗೆ ಆಗದಿರುವುದು ಅದೇ ಇರಬೇಕು ಎಂದರು. ಮನೆಯಲ್ಲಿ ಹುಳ ನಾಲ್ಕನೇ ಜ್ವರ ಎದ್ದಿದ್ದವು. ಕೊನೆಯ ಸಲ ಪೊರೆ ಬಿಟ್ಟು ಮೇಯಲು ಶುರುಮಾಡುವುದಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ಇನ್ನೊಂದು ವಾರ ಮೇಯಿಸಿದರೆ ಹುಳ ಹಣ್ಣಾಗಿ ಗೂಡು ಕಟ್ಟುತ್ತವೆ, ಬೆಳೆ ಕೈಗೆ. ಯಾರೂ ಆ ಹಂತದಲ್ಲಿ ಹುಳ ಬಿಡುವುದಿಲ್ಲ. ಮಗ, ಒಂದು ವಾರ ತಡೆಯವ್ವ, ಗೂಡು ಕಟ್ಟಲಿ ಎಂದ.

“ಒಂದ್ವಾರ ಕೂಸು ಉಸ್ರು ಹಿಡ್ಕಂಡಿರ್ತದಾ?”

ಅಂದು ಸಂಜೆಯೇ ಅಜ್ಜಿ ತಟ್ಟೆಗಳನ್ನು ಅಕ್ಕಪಕ್ಕದವರ ಮನೆಗೆ ಹೊರಿಸಿದರು, ತೋಟದ ಸೊಪ್ಪನ್ನೂ ಅವರೇ ಕುಯ್ದುಕೊಳ್ಳಲಿ ಎಂದರು. ಗೋಡೆಗೆ ಎರಡು ಸಲ ಸುಣ್ಣ ಬಳಿಸಿದರು. ಆ ವರ್ಷವೇ ಮಗನಿಗೆ ಬಿಡದಿಯಲ್ಲಿ ಕೆಲಸ ಸಿಕ್ಕಿತು, ಮನೆ ರಾಮನಗರಕ್ಕೆ ಬಂತು. ರೇಷ್ಮೆ ಗೂಡಿನ ಮಾರುಕಟ್ಟೆ ಇರುವ ಊರು ಇದು. ನೂಲು ತೆಗೆಯುವ ಘಟಕಗಳ ಕಡೆಯಿಂದ ಗಾಳಿ ಬೀಸಿದರೆ ಅಜ್ಜಿ ಕಿಟಕಿ ಮುಚ್ಚುತ್ತಿದ್ದರು. ಮಗ ಮಾರುಕಟ್ಟೆಯ ಹಾದಿಯಲ್ಲಿ ಬಂದ ದಿನ ಬಾಗಿಲಲ್ಲೇ ಅಂಗಿ ಮೂಸಿ, ಬಿಚ್ಚಿ ಹೊರಗೆ ಹಾಕು ಎನ್ನುತ್ತಿದ್ದರು. ಹುಳಕ್ಕಾಗಿ ಕೈ ತೊಳೆಯುತ್ತಿದ್ದವರು ಹುಳದ ವಾಸನೆ ಹೋಗಲಿ ಎಂದು ಕೈ ತೊಳೆಯತೊಡಗಿದರು. ಹುಳ ಮುಟ್ಟಿ ಇಪ್ಪತ್ತು ವರ್ಷವಾಗಿತ್ತು. ಆ ಬಗ್ಗೆ ನಾನು ಒಂದೆರಡು ಸಲ ಕೇಳಿದ್ದೇನೆ. ಅವರು ಬೇರೆ ಮಾತು ತೆಗೆದರು.

ಕಳೆದ ವರ್ಷ ಯುಗಾದಿಯ ಆಚೆಗೆ ಅವರಿಗೆ ಮರೆವು ಶುರುವಾಯಿತು. ಬೀದಿಯಲ್ಲಿ ಸೊಪ್ಪಿನವಳು ಕೂಗಿದರೆ, ಹಿಪ್ಪುನೇರಳೆ ಬಂತಾ, ಒದ್ದೆ ಸೊಪ್ಪು ತಗೋಬೇಡ ಎಂದು ಸೊಸೆಗೆ ಹೇಳುತ್ತಿದ್ದರು. ನನ್ನ ಬಳಿ ಹಳೆಯ ಪೇಪರು ಕೇಳಿ ತೆಗೆದುಕೊಂಡು ಹೋಗಿ, ಮಂಚದ ಮೇಲೆ ಸಾಲಾಗಿ ಹಾಸಿಟ್ಟಿದ್ದರು, ತಟ್ಟೆಗೆ ಹಾಸುವ ಹಾಗೆ. ಆದರೆ ಮಿಸ್ಡ್ ಕಾಲ್ ಕಾಯುವುದು, ಗೇಟಿನ ಬಳಿ ನಿಲ್ಲುವುದು, ಕೈ ತೊಳೆಯುವುದು ಇವು ಮೂರನ್ನೂ ಮರೆಯಲಿಲ್ಲ.

ಮಂಗಳವಾರ ಬೆಳಗ್ಗೆ ಮೊಮ್ಮಗಳು ಬಿಡದಿ ತಲುಪಿ ಫೋನ್ ಮಾಡಿದಾಗ ಅಜ್ಜಿಯ ಫೋನು ಗೋಡೆಯ ಗೂಡಿನಲ್ಲೇ ಹೊಡೆದುಕೊಂಡಿತು. ಸೊಸೆ ಹೊಲಿಗೆ ಬಿಟ್ಟು ಎದ್ದು ನೋಡಿದರು. ಅತ್ತೆ ಇರಲಿಲ್ಲ. ದೇವಸ್ಥಾನಕ್ಕೆ ಹೋಗಿರಬೇಕು ಎಂದುಕೊಂಡರು. ಮಧ್ಯಾಹ್ನ ಮಗ, ಮೊಮ್ಮಗಳು ಇಬ್ಬರೂ ಕೆಲಸ ಬಿಟ್ಟು ಬಂದರು. ಠಾಣೆಯಲ್ಲಿ ದೂರು ಕೊಟ್ಟದ್ದಾಯಿತು. ಬಸ್ ನಿಲ್ದಾಣದ ಕ್ಯಾಮೆರಾದಲ್ಲಿ ಅಜ್ಜಿ ಜನರ ನಡುವೆ ನಡೆದು ಹೋಗುವುದು ಕಂಡಿತು, ಯಾವ ಬಸ್ಸು ಹತ್ತಿದರು ಎಂಬುದು ಕಾಣಲಿಲ್ಲ. ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಅವರು ಆಧಾರ್ ಕಾರ್ಡನ್ನು ಎಲೆಅಡಿಕೆ ಚೀಲದಲ್ಲೇ ಇಟ್ಟುಕೊಂಡಿದ್ದರು. ದುಡ್ಡಿಲ್ಲದೆಯೂ ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು.

ಹೋದರೆ ಊರಿಗೇ ಹೋಗಿರಬೇಕು ಎಂದು ಎಲ್ಲರಿಗೂ ಅನ್ನಿಸಿತು. ಮಗ ಮರಳವಾಡಿ ಕಡೆಗೆ ಹೋದ. ಹಳೆಯ ಮನೆಗೆ ಬೀಗ ಹಾಕಿತ್ತು. ದಾಯಾದಿಗಳು ತೋಟದ ಬಾವಿಗಳಿಗೆ ಟಾರ್ಚು ಬಿಟ್ಟು ನೋಡಿದರು. ಕನಕಪುರದ ನಿಲ್ದಾಣದಲ್ಲಿ ಕಂಡಕ್ಟರುಗಳಿಗೆ ಫೋಟೋ ತೋರಿಸಿದ್ದಾಯಿತು. ಇಂಥ ಅಜ್ಜಿಯರು ಒಂದೊಂದು ಟ್ರಿಪ್ಪಿಗೂ ಇರುತ್ತಾರಲ್ಲ ಸಾರ್ ಎಂದು ಒಬ್ಬ ಹೇಳಿದ. ಅದು ನಿಜವೂ ಹೌದು.

ಬುಧವಾರ ಬೆಳಗ್ಗೆ ನನಗೆ ಒಂದು ಕರೆ ಬಂತು. ಚನ್ನಪಟ್ಟಣದ ಬಳಿ ಹಳಿಯ ಪಕ್ಕ ವಯಸ್ಸಾದ ಹೆಂಗಸಿನ ಶವ ಸಿಕ್ಕಿದೆ, ಗುರುತು ಹತ್ತಿಲ್ಲ ಎಂದು. ನಾನು ಮಗನಿಗೆ ಹೇಳಿದೆ. ನನ್ನ ಬೈಕಿನಲ್ಲೇ ಹೋದೆವು. ದಾರಿಯಲ್ಲಿ ಆತ ಒಂದೇ ಮಾತು ಕೇಳಿದ್ದು, ಸೀರೆ ಯಾವ ಬಣ್ಣ ಅಂದರು ಎಂದು. ಹೇಳಿರಲಿಲ್ಲ. ಶವಾಗಾರದ ಬಾಗಿಲಿನವರೆಗೆ ಬಂದು ಆತ ನಿಂತುಬಿಟ್ಟ.

“ನೀವೋಗಿ ಸಾರ್. ಕೈ ನೋಡಿ. ಮುಖ ಬ್ಯಾಡ, ಕೈ ನೋಡಿ ಸಾಕು.”

ನಾನು ಒಳಗೆ ಹೋದೆ. ಕೈ ನೋಡಿದೆ. ಬೆರಳ ಸಂದಿಗಳಲ್ಲಿ ಕೆಂಪು, ಹಳದಿ ಅರಗು ಅಂಟಿತ್ತು. ಅಲ್ಲಿಯ ಬೊಂಬೆಗೆ ಬಣ್ಣ ಹಾಕುವವರ ಕೈ ಅದು. ಹೊರಗೆ ಬಂದು ಅಲ್ಲ ಎಂದೆ. ಆತ ಮೆಟ್ಟಿಲ ಮೇಲೆ ಕೂತು ತಲೆಯ ಮೇಲೆ ಟವೆಲು ಎಳೆದುಕೊಂಡ. ಒಳಗಿದ್ದಾಕೆ ಯಾರ ತಾಯಿ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಗುರುತು ಹತ್ತಿದ್ದು ಸಂಜೆಗೆ. ಮರುದಿನದ ಪತ್ರಿಕೆಗೆ ನಾನು ಅದನ್ನು ನಾಲ್ಕು ಸಾಲು ಬರೆದೆ.

ಅದೇ ಬುಧವಾರ ಮಧ್ಯಾಹ್ನ ‘ಕಾಣೆಯಾಗಿದ್ದಾರೆ’ ಪ್ರಕಟಣೆಯನ್ನೂ ಬರೆದೆ. ಇಂಥವನ್ನು ಎಷ್ಟು ಬರೆದಿದ್ದೇನೆಯೋ ಲೆಕ್ಕವಿಲ್ಲ. ಕೋಲುಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು, ಹಸಿರು ಸೀರೆ, ಕನ್ನಡ ಮಾತನಾಡುತ್ತಾರೆ. ಅವರ ಮನೆಗೆ ಹೋಗಿ ಓದಿ ಹೇಳಿದೆ. ಮೊಮ್ಮಗಳು, ಇದು ನಮ್ಮಜ್ಜಿ ಅಲ್ಲ ಅಂಕಲ್, ಇದು ಯಾರು ಬೇಕಾದರೂ ಆಗಬಹುದು ಎಂದಳು. ಗುರುತಿನ ಜಾಗಕ್ಕೆ ಅವಳು ಹೇಳಿದ್ದನ್ನೇ ಬರೆದೆ: ಮೊಣಕೈವರೆಗೆ ಪದೇ ಪದೇ ಕೈ ತೊಳೆದು ಮೂಸಿ ನೋಡುತ್ತಾರೆ, ಬೆರಳ ತುದಿ ಬಿಳುಚಿದೆ. ಮಚ್ಚೆ, ಗಾಯದ ಕಲೆ ಬರೆಯುವ ಜಾಗ ಅದು. ಡೆಸ್ಕಿನಿಂದ ಫೋನ್ ಮಾಡಿ ಇದು ಬೇಕೇ ಎಂದು ಕೇಳಿದರು. ಇರಲಿ ಎಂದೆ.

ಆಗ ಮೊಮ್ಮಗಳು ಇನ್ನೊಂದು ಹೇಳಿದಳು. ಸೋಮವಾರ ಸಂಜೆ ಅಜ್ಜಿ ಅವಳನ್ನು ಕರೆದು ಕೂರಿಸಿಕೊಂಡು ಹೇಳಿದ್ದರಂತೆ: “ಹುಳ ಹಣ್ಣಾಗೋ ಹೊತ್ತು ಕಣ್ ಮಗ. ನೀನಿಲ್ಲಿರ್ಬ್ಯಾಡ. ಒಸಿ ದಿನ ನಿಮ್ಮ ಚಿಕ್ಕಮ್ಮನ ಮನೇಲಿರೋಗು.” ಅವಳು ನಕ್ಕು, ಆಯ್ತಜ್ಜಿ ಅಂದಿದ್ದಳು.

“ನಾನು ಹೋಗ್ಲಿಲ್ಲ ಅಂತ ಅಜ್ಜೀನೇ ಹುಳ ಹುಡ್ಕಂಡು ಹೋದ್ರೇನೋ ಅಂಕಲ್,” ಎಂದಳು. ಅಷ್ಟು ಹೇಳುವುದರಲ್ಲಿ ಅವಳಿಗೆ ಎದೆ ಕಟ್ಟಿಕೊಂಡಿತು. ತಾಯಿ ಇನ್ಹೇಲರ್ ತಂದುಕೊಟ್ಟರು.

ಗುರುವಾರ ಬೆಳಗ್ಗೆ ಹತ್ತಕ್ಕೆ ಮಾಗಡಿಯಿಂದ ಫೋನ್ ಬಂತು. ಹತ್ತಿರದ ಕಲ್ಯ ಎಂಬ ಹಳ್ಳಿಯ ರೈತರೊಬ್ಬರು ಚಹಾ ಅಂಗಡಿಯಲ್ಲಿ ಪತ್ರಿಕೆ ನೋಡಿ, ಫೋಟೋ ಅಷ್ಟು ಸರಿಯಾಗಿ ಕಾಣದೆ, ಬರೆದದ್ದನ್ನು ಮನೆಗೆ ಫೋನಿನಲ್ಲಿ ಓದಿ ಹೇಳಿದ್ದರು. ಕೈ ಮೂಸುವ ಮಾತು ಬರುತ್ತಲೇ ಹೆಂಡತಿ, ಅಯ್ಯೋ, ಆಯಮ್ಮ ನಮ್ಮನೇಲವ್ರೆ ಎಂದಿದ್ದರು.

ನಾವು ಹೋಗುವಷ್ಟರಲ್ಲಿ ಅಜ್ಜಿ ಆ ಮನೆಯ ಜಗಲಿಯಲ್ಲಿ ಆ ಮನೆಯ ಅತ್ತೆಯ ಜೊತೆ ಎಲೆಅಡಿಕೆ ಹಾಕುತ್ತ ಕೂತಿದ್ದರು. ನಡೆದದ್ದು ಆಗ ತಿಳಿಯಿತು.

ರಾಮನಗರದ ನಿಲ್ದಾಣದಲ್ಲಿ ಆ ರೈತನ ಹೆಂಡತಿಯ ಅಕ್ಕ ಬಸ್ಸಿಗೆ ಕಾಯುತ್ತ ಫೋನಿನಲ್ಲಿ ಜೋರಾಗಿ, ಹುಳ ಹಣ್ಣಾಗ್ಬುಟ್ವಾ, ಬಂದೆ ಇರು ಎಂದಿದ್ದಾರೆ. ಅಜ್ಜಿ ಅದನ್ನು ಕೇಳಿಸಿಕೊಂಡು ಹಿಂದೆಯೇ ಬಸ್ಸು ಹತ್ತಿದ್ದಾರೆ. ಅಕ್ಕ ಕೇಳಿದ್ದಕ್ಕೆ, ನಾನೂ ಹುಳ ಆಯಕ್ಕೇ ಕಣವ್ವ ಬತ್ತಿರೋದು ಎಂದಿದ್ದಾರೆ.

ಹುಳ ಹಣ್ಣಾಗುವ ದಿನ ಹೇಗಿರುತ್ತದೆ ಎಂದು ಕಂಡವರಿಗೆ ಮುಂದಿನದನ್ನು ವಿವರಿಸಬೇಕಿಲ್ಲ. ಹುಳಗಳೆಲ್ಲ ಒಟ್ಟಿಗೆ ಮೇವು ಬಿಟ್ಟು ತಲೆ ಎತ್ತುತ್ತವೆ. ಮೈ ಹಳದಿಗೆ ತಿರುಗಿದ್ದನ್ನು ಒಂದೊಂದೇ ಆಯ್ದು, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು. ಸ್ವಲ್ಪ ತಡವಾದರೂ ಸೊಪ್ಪಿನ ಕಸದಲ್ಲೇ ನೂಲು ಬಿಟ್ಟು ಹಾಳಾಗುತ್ತವೆ. ಆ ದಿನ ಯಾರ ಮನೆಯ ಹೆಂಗಸು ಬಂದು ಕೈಕಾಲು ತೊಳೆದು ಕೂತರೂ ಬೇಡ ಎನ್ನುವವರಿಲ್ಲ. ಇಂದು ನಮ್ಮ ಮನೆಗೆ ಅವರು, ಮುಂದಿನ ಬೆಳೆಗೆ ಅವರ ಮನೆಗೆ ನಾವು. ಮುಯ್ಯಿ ಆಳು ಎನ್ನುತ್ತಾರೆ.

ಅಕ್ಕ ಈ ಅಜ್ಜಿಯನ್ನು ತಂಗಿಯ ಅತ್ತೆಯ ಕಡೆಯವರು ಎಂದುಕೊಂಡರು. ಅತ್ತೆ, ಸೊಸೆಯ ತವರಿನವರು ಎಂದುಕೊಂಡರು. ಗಂಡ, ಕೂಲಿಗೆ ಬಂದ ಹೆಂಗಸರ ಜೊತೆಯವರು ಎಂದುಕೊಂಡ. ಕೂಲಿಯವರು ಮನೆಯ ಹಿರಿಯರು ಎಂದುಕೊಂಡು, ಅವರು ಹೇಳಿದ ಹಾಗೆ ಕೇಳಿದರು. ಕೆಲಸ ಎರಡು ದಿನ ನಡೆಯಿತು. ಯಾರೂ ಯಾರನ್ನೂ ಕೇಳಲಿಲ್ಲ.

“ಏನ್ ಕೈ ಸಾರ್ ಆಯಮ್ಮಂದು,” ಎಂದರು ಆ ಮನೆಯಾಕೆ. “ಒಂದುಳ ನಲುಗ್ಲಿಲ್ಲ. ಒಂದೇ ಇಚಿತ್ರ. ನನ್ ಕೂಸ್ನ ಒಸಿ ಎತ್ಕಳಮ್ಮ ಅಂದ್ರೆ ಮುಟ್ನೇ ಇಲ್ಲ. ಕೈ ವಾಸ್ನೆ ಹೋಗಿಲ್ಲ ಅಂತ ತೊಳೀತಾರೆ, ಮೂಸ್ತಾರೆ, ತೊಳೀತಾರೆ.”

ಮಗ ಎದುರಿಗೆ ಹೋಗಿ ನಿಂತ. ಅಜ್ಜಿ ಅವನನ್ನು ನೋಡಿ ಸಹಜವಾಗಿಯೇ ಮಾತಾಡಿದರು. ಹಿಂದೆ ನಿಂತಿದ್ದ ಮೊಮ್ಮಗಳ ಮೇಲೆ ಕಣ್ಣು ಬಿದ್ದಾಗ ಮಾತ್ರ ದಡಬಡಿಸಿ ಎದ್ದರು.

“ಇಲ್ಲಿಗ್ಯಾಕ್ಲಾ ಕರ್ಕಬಂದೆ ಕೂಸ್ನ? ಆಚೆಗ್ ಕರ್ಕೊಂಡೋಗು.”

ಮೊಮ್ಮಗಳು ಅಳುತ್ತ ಹತ್ತಿರ ಬಂದರೆ ಅಜ್ಜಿ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಒರಗಿದರು. ರಾಮನಗರದವರೆಗೂ ಬೇರೆ ಸೀಟಿನಲ್ಲೇ ಕೂತು ಬಂದರು. ಮನೆ ಸೇರಿ, ಸೋಪು ಹಾಕಿ ತೊಳೆದು, ಮೂಸಿ, ಮತ್ತೆ ತೊಳೆದ ಮೇಲೆ ಅವಳ ತಲೆ ಮುಟ್ಟಿದರು.

ಮರುದಿನ ಅವರ ಕೈಗೆ ಯಾರೋ ಆ ಪತ್ರಿಕೆ ಕೊಟ್ಟರು. ನಾನು ಗೇಟು ತೆಗೆಯುವುದನ್ನೇ ಕಾದಿದ್ದು ಅದನ್ನು ತಂದು ತಮ್ಮದೇ ಫೋಟೋದ ಮೇಲೆ ಬೆರಳಿಟ್ಟರು.

“ಯಾರೋ ವಯಸ್ಸಾದೋರು. ಮನೇಲಿ ಎಷ್ಟ್ ಕಾಯ್ತಾವ್ರೋ. ಸಿಕ್ಕುದ್ರಾ ಪೇಪರಪ್ಪ?”

ಸಿಕ್ಕಿದರು, ಚೆನ್ನಾಗಿದ್ದಾರೆ ಎಂದೆ. ಆಮೇಲೆ ಕೆಲವು ವಾರ ಬೆಳಗಿನ ಪ್ರಶ್ನೆ ಅದೇ ಆಗಿತ್ತು. ಉತ್ತರ ಕೇಳಿಯೇ ತಿಂಡಿಗೆ ಹೋಗುತ್ತಿದ್ದರು.

ಕಲ್ಯದವರು ಆ ಮೇಲೂ ಬಿಡಲಿಲ್ಲ. ಹುಳ ಹಣ್ಣಾದಾಗ, ಅಮ್ಮನನ್ನು ಕಳಿಸಿ ಎಂದು ಫೋನ್ ಮಾಡುತ್ತಿದ್ದರು. ಸೆಪ್ಟೆಂಬರಿನಲ್ಲಿ ಒಂದು ಸಲ, ನವೆಂಬರಿನಲ್ಲಿ ಒಂದು ಸಲ ಮಗ ರಜೆ ಹಾಕಿ ಕರೆದುಕೊಂಡು ಹೋದ. ತಾನು ಹುಳ ಮುಟ್ಟದೆ ಜಗಲಿಯಲ್ಲಿ ಕೂತು ಸಂಜೆಗೆ ವಾಪಸ್ ಕರೆತಂದ. ನವೆಂಬರಿನ ಆಚೆಗೆ ಅವರಿಗೆ ಮೆಟ್ಟಿಲು ಇಳಿಯುವುದು ಕಷ್ಟವಾಯಿತು. ಗೇಟಿನ ಬಳಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡರು.

ಈ ಫೆಬ್ರವರಿಯ ಮೊದಲ ವಾರ ನ್ಯುಮೋನಿಯಾ ಆಗಿ ಮನೆಯಲ್ಲೇ ತೀರಿಕೊಂಡರು. ಕೊನೆಯ ಎರಡು ದಿನ ತಮ್ಮ ಉಸಿರಿನ ಸದ್ದು ಕೇಳಿಸಿಕೊಂಡು, ಕೂಸಿಗೆ ಉಬ್ಬಸ ಬಂದೈತೆ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಎಂದು ಮಗನಿಗೆ ಹೇಳುತ್ತಿದ್ದರು. ಮೊಮ್ಮಗಳು ಎದುರಿಗೇ ಕೂತಿದ್ದಳು.

ಹನ್ನೊಂದನೇ ದಿನದ ಕಾರ್ಯಕ್ಕೆ ಕಲ್ಯದಾಕೆ ಮೊದಲ ಬಸ್ಸಿಗೇ ಬಂದು, ಹಿತ್ತಲಲ್ಲಿ ತರಕಾರಿ ಹೆಚ್ಚಲು ಕೂತರು. ಅವರು ಯಾರ ಕಡೆಯವರು ಎಂದು ನೆಂಟರು ತಮ್ಮತಮ್ಮಲ್ಲೇ ವಿಚಾರಿಸಿಕೊಂಡರು. ಆಕೆ ಸಂಜೆಯವರೆಗೆ ಪಾತ್ರೆ ತೊಳೆದು ಹೋದರು.

ಮೊನ್ನೆ ಸೋಮವಾರ ಕಲ್ಯದಿಂದ ಮತ್ತೆ ಫೋನ್ ಬಂತು. ಕರೆದದ್ದಲ್ಲ, ಹುಳ ಇನ್ನೆರಡು ದಿನಕ್ಕೆ ಹಣ್ಣಾಗುತ್ತವೆ, ಅಮ್ಮನ ನೆನಪಾಯಿತು ಎಂದು ಹೇಳಲು. ಫೋನ್ ತೆಗೆದುಕೊಂಡ ಮೊಮ್ಮಗಳು, ಬುಧವಾರ ಬರುತ್ತೇವೆ ಎಂದುಬಿಟ್ಟಳು. ಮಗ ಒಪ್ಪಲಿಲ್ಲ. ನಾನು ಅಲ್ಲೇ ಇದ್ದೆ.

“ಅವ್ವ ಇದ್ದಿದ್ರೆ ನಿನ್ನ ಬುಡ್ತಿರ್ನಿಲ್ಲ.”

“ಹೂಂ ಅಪ್ಪ,” ಎಂದಳು ಅವಳು. “ಬುಡ್ತಿರ್ನಿಲ್ಲ.”

ಬುಧವಾರ ಬೆಳಗ್ಗೆ ಅಪ್ಪ, ಮಗಳು ಇಬ್ಬರೂ ಮಾಗಡಿಯ ಬಸ್ಸು ಹತ್ತಿದರು. ಮಾಸ್ಕು, ಇನ್ಹೇಲರ್ ಅವಳ ಬ್ಯಾಗಿನಲ್ಲಿದ್ದವು. ಒಂಬತ್ತೂವರೆಗೆ ಮನೆಯಲ್ಲಿದ್ದ ತಾಯಿಯ ಫೋನಿಗೆ ಒಂದು ಮಿಸ್ಡ್ ಕಾಲ್ ಬಂತು. ಇದನ್ನು ಬರೆದು ಮುಗಿಸುವಾಗ ಅದೇ ದಿನದ ಸಂಜೆ ಆರೂವರೆ. ಅವರಿನ್ನೂ ಬಂದಿಲ್ಲ. ಸೊಸೆ ಹೊಲಿಗೆ ಬಿಟ್ಟು ಬಂದು ಗೇಟಿನ ಬಳಿ ನಿಂತಿದ್ದಾರೆ.